ಹೋಗಿ ಕೇಳ್ಕೊಂಡು ಬಾ

ನಮ್ಮ ಟ್ಯೂಷನ್ ಮಿಸ್ ಅವರ ಮೂಗಿನ ತುದಿ ಸಂಜೆ ಹೊತ್ತಿಗೆ ನೀಲಿಯಾಗಿರುತ್ತಿತ್ತು. ಈ ಊರಲ್ಲಿ ಇನ್ನೂ ಕಾರ್ಬನ್ ಹಾಳೆ ಇಟ್ಟು ಬರೆಯುವವರು ಅವರೊಬ್ಬರೇ ಉಳಿದಿದ್ದರೇನೋ. ಬೀದಿ ಕೊನೆಗೇ ಜೆರಾಕ್ಸ್ ಅಂಗಡಿ ಇದ್ದರೂ ಒಂದರ ಕೆಳಗೊಂದು ಹಾಳೆ ಜೋಡಿಸಿ, ಒತ್ತಿ ಒತ್ತಿ ಬರೆಯುತ್ತಿದ್ದರು. ನಡುವೆ ಕನ್ನಡಕ ಮೇಲಕ್ಕೆ ತಳ್ಳುವಾಗ ಬೆರಳಿನ ಬಣ್ಣ ಮೂಗಿಗೆ ಹತ್ತುತ್ತಿತ್ತು. ನಾವು ಮುಸಿಮುಸಿ ನಕ್ಕರೆ, "ನಗು ಬಂತಾ? ಯಾಕೆ ಬಂತು ಅಂತ ಇಂಗ್ಲಿಷಲ್ಲಿ ಹೇಳು, ಆಮೇಲೆ ನಗು," ಅನ್ನುತ್ತಿದ್ದರು. ನಗು ಅಲ್ಲೇ ನಿಂತುಹೋಗುತ್ತಿತ್ತು.

ರಾಮಮೂರ್ತಿ ನಗರದಲ್ಲಿ ನಾವಿದ್ದ ಬಾಡಿಗೆ ಕೋಣೆಯ ಎದುರು ಮನೆ ಅವರದು. ಹಲಸೂರಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು. ಯಾವುದೋ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಒಬ್ಬರೇ ಇದ್ದರು. ನಮ್ಮಪ್ಪ ಯಾದಗಿರಿ ಕಡೆಯಿಂದ ಬಂದ ಗಾರೆ ಕೆಲಸದವನು. ಅವ್ವ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಿದ್ದಳು. ನಾನು ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿಗೆ ಬಂದಿದ್ದೆ. ಮೊದಲ ಪರೀಕ್ಷೆಯಲ್ಲೇ ಇಂಗ್ಲಿಷ್ ಕೈಕೊಟ್ಟಿತ್ತು. ಅಪ್ಪ ಆಗಲೇ ತೀರ್ಮಾನಿಸಿದ್ದ: ಹತ್ತನೇ ಪರೀಕ್ಷೆ ಒಂದು ಮುಗಿಯಲಿ, ಪಾಸಾದರೂ ಸರಿ ಫೇಲಾದರೂ ಸರಿ, ಚಿಕ್ಕವ್ವನ ಜೊತೆ ಗಾರ್ಮೆಂಟ್ಸಿಗೆ. ನನಗೆ ಕಾಲೇಜಿಗೆ ಹೋಗಬೇಕಿತ್ತು. ಇಂಗ್ಲಿಷ್ ದಾಟದೆ ಆ ಮಾತೆತ್ತುವ ಹಾಗೂ ಇರಲಿಲ್ಲ. ಅವ್ವ ಎದುರು ಮನೆಯ ಗೇಟಿನ ಹತ್ತಿರ ನಿಂತು ಕೇಳಿದಳು. "ನಾಳೆಯಿಂದ ಕಳ್ಸಿ," ಅಂದರು ಮಿಸ್, ಅಷ್ಟೇ.

ಅವರು ವ್ಯಾಕರಣದ ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ದಿನಕ್ಕೊಂದು ಪುಟ್ಟ ಪ್ಯಾಸೇಜು, ಐದಾರು ಸಾಲಿನದು, ಅವರೇ ಬರೆದದ್ದು. ಅದರಲ್ಲಿ ಬರುವವರೆಲ್ಲ ನಮ್ಮ ಬೀದಿಯವರು: ಹಾಲಿನವನು, ಇಸ್ತ್ರಿಯವನು, ಚರ್ಚಿನಿಂದ ತಡವಾಗಿ ಬರುವ ಮೂಲೆ ಮನೆಯ ಆಂಟಿ. ಕೆಳಗೆ ಖಾಲಿ ಜಾಗ ತುಂಬಬೇಕು, ಇವತ್ತಿನದನ್ನು ನಿನ್ನೆಯದಾಗಿ ಬರೆಯಬೇಕು, ಪ್ರಶ್ನೆ ಮಾಡಬೇಕು.

ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಎಂದರೆ ಬಾಯಿಪಾಠ. ಪ್ರಬಂಧ, ರಜೆ ಚೀಟಿ, ಪ್ರಶ್ನೋತ್ತರ, ಎಲ್ಲವೂ ಬಾಯಿಪಾಠ. ಮಿಸ್ ಕೊಟ್ಟದ್ದನ್ನೂ ನಾನು ಹಾಗೇ ಉರು ಹೊಡೆದೆ, ಉತ್ತರ ಸಮೇತ. ಮರುದಿನ ಅವರು ಹೊಸ ಹಾಳೆ ಕೊಟ್ಟರು. ಹಾಲಿನವನ ಜಾಗದಲ್ಲಿ ಹಾಲು ತರುವ ಹೆಂಗಸು, ಸೈಕಲ್ಲಿನ ಜಾಗದಲ್ಲಿ ಸ್ಕೂಟರು. ನಾನು ಹಾಳೆಯ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಹಳೇ ಹಾಲಿನವನನ್ನೇ ಸೈಕಲ್ ಮೇಲೆ ಕೂರಿಸಿ ಬೀದಿಯೆಲ್ಲ ಸುತ್ತಿಸಿಬಿಟ್ಟೆ. ಪಕ್ಕದ ಹುಡುಗಿಯರು ಬಿದ್ದು ಬಿದ್ದು ನಕ್ಕರು.

"ಸಾಕು ಕಣ್ಣಾ, ಆ ಹಾಲು ನಿನ್ನೇನೇ ಒಡೆದೋಯ್ತು," ಅಂದರು ಮಿಸ್. "ನೀನು ಓದ್ತಿಲ್ಲ, ಮಂತ್ರ ಹೇಳ್ತಿದ್ದೀಯ. ಪರೀಕ್ಷೇಲಿ ನೀನು ಯಾವತ್ತೂ ನೋಡ್ದೇ ಇರೋ ಪ್ಯಾಸೇಜ್ ಕೊಡ್ತಾರೆ. ಅದನ್ನ ಹೇಗೆ ಉರು ಹೊಡೀತೀಯ?"

ಆಮೇಲಿಂದ ನನ್ನ ಹಾಳೆಯ ಕೊನೆಯ ಪ್ರಶ್ನೆಗೆ ಹಾಳೆಯಲ್ಲಿ ಉತ್ತರವಿರುತ್ತಿರಲಿಲ್ಲ. "ಹೋಗಿ ಕೇಳ್ಕೊಂಡು ಬಾ," ಅನ್ನುತ್ತಿದ್ದರು. ಯಾವ ಭಾಷೆಯಲ್ಲಾದರೂ ಕೇಳಬಹುದು, ತರುವುದು ಮಾತ್ರ ಇಂಗ್ಲಿಷಿನಲ್ಲಿ.

ಮೊದಲ ಸಲ ಸೊಪ್ಪಿನಮ್ಮನ ಸರದಿ. ಸೊಪ್ಪಿನಮ್ಮ ಎಲ್ಲ ಬೀದಿಗಳಲ್ಲೂ ಗಂಟಲು ಹರಿಯುವಂತೆ ಕೂಗುತ್ತಾಳೆ, ನಮ್ಮ ಬೀದಿಗೆ ಬಂದಾಗ ಮಾತ್ರ ಸುಮ್ಮನೆ ಗಾಡಿ ತಳ್ಳುತ್ತಾಳೆ, ಯಾಕೆ? ಇಲ್ಲಿಯವರೆಲ್ಲ ಮೊಬೈಲಿನಲ್ಲೇ ಸೊಪ್ಪು ತರಿಸುತ್ತಾರೆ, ಅದಕ್ಕೆ ಅವಳಿಗೆ ಬೇಜಾರು ಅಂತ ಮಿಸ್ ತಾವೇ ಊಹಿಸಿ ಒಂದು ಸಾಲು ಬರೆದಿದ್ದರು. "ನಿಜಾನಾ ಅಂತ ನೋಡು."

ಬೆಳಿಗ್ಗೆ ಗಾಡಿಗೆ ಅಡ್ಡ ನಿಂತು ಕೇಳಿದೆ. ಸೊಪ್ಪಿನಮ್ಮ ನಕ್ಕಳು. "ಆ ಹಸಿರು ಮನೇಲಿ ಕೈಕೂಸು ಮಲಗಿರುತ್ತೆ, ಕೂಗ್ಬೇಡಮ್ಮ ಅಂದಿದ್ರು ಕಣವ್ವ. ಈಗ ಆ ಕೂಸು ಬ್ಯಾಗ್ ತಗಲಾಕ್ಕೊಂಡು ಸ್ಕೂಲಿಗೆ ಹೋಗ್ತದೆ. ಆದ್ರೆ ಇನ್ ಕೂಗು ಅಂತ ಯಾರೂ ಹೇಳ್ಲಿಲ್ವಲ್ಲ!"

ಇದನ್ನು ಇಂಗ್ಲಿಷಿಗೆ ತರಲು ನನಗೆ ಸಂಜೆಯವರೆಗೂ ಹಿಡಿಯಿತು. ಆಗ ಮಲಗುತ್ತಿತ್ತು, ಈಗ ಹೋಗುತ್ತದೆ, ಇನ್ನೂ ಹೇಳಿಲ್ಲ. ಒಂದೊಂದು ಕ್ರಿಯಾಪದಕ್ಕೂ ಬೆವರಿದೆ. ಮಿಸ್ ಓದಿದರು. ತಮ್ಮ ಸಾಲಿನ ಮೇಲೆ ಗೀಟು ಎಳೆದು, "ನಂದು ತಪ್ಪು. ಅಲ್ಲಿ ನಿನ್ ಸಾಲು ಬರಿ," ಎಂದು ಪೆನ್ನು ಕೈಗೆ ಕೊಟ್ಟರು. ದೊಡ್ಡವರು ಬರೆದದ್ದರ ಮೇಲೆ ನಾನು ಬರೆಯಬಹುದು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆಮೇಲೆ ನಾನು ಕಂಡಕ್ಟರನ್ನೂ ಬಿಡಲಿಲ್ಲ, ಗ್ಯಾಸ್ ಸಿಲಿಂಡರಿನವನನ್ನೂ ಬಿಡಲಿಲ್ಲ. "ಇಕಿಗೆ ಏನೋ ಬಡದೈತಿ," ಎಂದು ಅವ್ವ ನಿಂಬೆಹಣ್ಣು ನಿವಾಳಿಸಿದಳು.

ಪರೀಕ್ಷೆ ಹತ್ತಿರ ಬಂದಾಗ ಗಾರ್ಮೆಂಟ್ಸಿನ ವಿಷಯ ಮಿಸ್ಸಿಗೆ ಹೇಳಿ ಅತ್ತೆ. ನೀವೇ ಬಂದು ಅಪ್ಪನಿಗೆ ಹೇಳಿ ಅಂದೆ. ಅವರು ಬರಲಿಲ್ಲ. ಮರುದಿನ ಕೊಟ್ಟ ಹಾಳೆಯಲ್ಲಿ ಒಬ್ಬ ಗಾರೆಯವನಿದ್ದ. ಇಂದಿರಾನಗರ, ಸಿ.ವಿ. ರಾಮನ್ ನಗರ, ಎಲ್ಲೆಲ್ಲೋ ಮನೆ ಕಟ್ಟುತ್ತಾನೆ. ಕೊನೆಯ ಪ್ರಶ್ನೆ: ತಾನು ಕಟ್ಟಿದ ಮನೆಯೊಳಕ್ಕೆ ಅವನು ಆಮೇಲೆ ಯಾವತ್ತಾದರೂ ಹೋಗಿದ್ದಾನೆಯೇ?

ಅಪ್ಪ ಊಟಕ್ಕೆ ಕೂತಿದ್ದಾಗ ಕೇಳಿದೆ. "ಅಪ್ಪಾ, ನೀ ಕಟ್ಟಿದ ಮನಿಯೊಳಗ ಆಮ್ಯಾಲೆ ಎಂದಾರ ಹೋಗೀಯೇನು?"

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಒಮ್ಮೆ ಹೋಗಿದ್ದೆ. ಗ್ವಾಡಿಗೆ ಬಳದ ಸಿಮೆಂಟ್ ಗಿಲಾಯಿ ಚಂದ ಬಂದಿತ್ತು, ಬಣ್ಣ ಹಚ್ಚಿದ ಮ್ಯಾಲೆ ಹೆಂಗ ಕಾಣ್ತದ ನೋಡಬೇಕನಿಸಿತ್ತು. ವಾಚ್‌ಮನ್ ಒಳಗ ಬಿಡಲಿಲ್ಲ." ಮತ್ತೆ ರೊಟ್ಟಿ ಮುರಿಯುತ್ತಾ, "ಇದನ್ನ ಯಾರು ಕೇಳಂದ್ರು?" ಅಂದ.

ಬರೆದದ್ದನ್ನು ಅವನಿಗೆ ಓದಿ ಹೇಳಿದೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಅಪ್ಪ ತಲೆ ಅಲ್ಲಾಡಿಸಿದ. "ವಾಚ್‌ಮನ್ ಬೈದ ಅಂತ ಬರದೀಯಲ್ಲ, ಅದು ತಗಿ. ಅವ ಬೈಲಿಲ್ಲ. ನಮ್ಮ ಕಡೆ ಸುರಪುರದಂವ, ನೀರು ಕೊಟ್ಟ." ನಾನು ಗೀಟು ಎಳೆದು ತಿದ್ದಿದೆ. ಆ ತಿದ್ದಿದ ಹಾಳೆಯನ್ನು ಅಪ್ಪ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

ಆ ಭಾನುವಾರ ಅವನೇ ಮಿಸ್ ಮನೆಗೆ ಹೋದ. ನಾನೂ ಹಿಂದೆ ಹೋದೆ. ಹೊಸ್ತಿಲ ಹೊರಗೇ ನಿಂತು, "ಕಾಲಾಗ ಸಿಮೆಂಟ್ ಐತ್ರಿ," ಅಂದ.

"ನೆಲಾನೂ ಸಿಮೆಂಟಿಂದೇ ಮಾಡಿರೋದು, ಬನ್ನಿ," ಅಂದರು ಮಿಸ್.

ಒಳಗೆ ಕುರ್ಚಿಯ ತುದಿಯಲ್ಲಿ ಕೂತು ಕೇಳಿದ, "ಇಕಿ ಪಾಸಾಗ್ತಾಳೇನ್ರಿ?"

"ಗೊತ್ತಿಲ್ಲ. ಆದ್ರೆ ಗೊತ್ತಿಲ್ದೇ ಇರೋದನ್ನ ಕೇಳೋಕೆ ಕಲ್ತಿದ್ದಾಳೆ. ಇನ್ ಇವಳನ್ನ ಯಾರೂ ನಿಲ್ಸಕ್ಕಾಗಲ್ಲ."

ಅಪ್ಪ ನನ್ನ ಕಡೆ ನೋಡಿದ, ಟೀ ಕುಡಿದ, ಲೋಟ ಕೆಳಗಿಟ್ಟ. "ಹಂಗಾರ ಗಾರ್ಮೆಂಟ್ಸಿಗೆ ಕಳಿಸಿ ಉಪಯೋಗ ಇಲ್ಲರಿ. ಸೂಪರ್‌ವೈಸರಗೇ ಯಾಕ, ಹೆಂಗ ಅಂತ ಕೇಳ್ತಾಳ. ಒಂದಿನಾನೂ ಇಟ್ಗೊಳಲ್ಲ." ಮಿಸ್ ನಕ್ಕ ನಗು ಬೀದಿಗೆ ಕೇಳಿಸಿರಬೇಕು. ಕಾಲೇಜಿಗೆ ಅಪ್ಪ ಕೊಟ್ಟ ಒಪ್ಪಿಗೆ ಇಷ್ಟೇ. ಇದಕ್ಕಿಂತ ನೇರವಾಗಿ ಅವನು ಯಾವತ್ತೂ ಹೇಳಲಿಲ್ಲ.

ಪಾಸಾದೆ. ಇಂಗ್ಲಿಷಿನಲ್ಲಿ ಹೇಳಿಕೊಳ್ಳುವಂಥ ಅಂಕವೇನೂ ಬರಲಿಲ್ಲ. ಆದರೆ ಪರೀಕ್ಷೆಯ ಆ ಎಂದೂ ಕಂಡಿರದ ಪ್ಯಾಸೇಜು ನನಗೆ ಯಾರೋ ಪರಿಚಯದವರ ಕಥೆಯಂತೆ ಓದಿಸಿಕೊಂಡಿತು. ಪಿಯುಸಿ ಆಯಿತು, ಬಿ.ಎ. ಆಯಿತು. ನಮ್ಮ ಎರಡೂ ಕಡೆಯ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಕಾಯಿಲೆ ಬಿದ್ದ ಮೇಲೆ ಮಿಸ್ ಹಲಸೂರಿಗೆ, ತಂಗಿಯ ಮನೆಗೆ ಹೋದರು. ಈ ವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ಹೋದಾಗ ಮನೆ ತುಂಬ ಜನರಿದ್ದರು. ಬೀದಿಯವರ ಬಗ್ಗೆಯೆಲ್ಲ ನನ್ನಿಂದ ಕೇಳಿಸಿದ ಮಿಸ್ ತಮ್ಮ ಬಗ್ಗೆ ಒಂದು ಪ್ಯಾಸೇಜನ್ನೂ ಬರೆದಿರಲಿಲ್ಲ. ಎಲ್ಲಿ ಓದಿದರು? ಒಬ್ಬರೇ ಯಾಕೆ ಉಳಿದರು? ನನಗೆ ಏನೂ ಗೊತ್ತಿರಲಿಲ್ಲ. ತಂಗಿಯ ಪಕ್ಕ ಹೋಗಿ ಮೆಲ್ಲಗೆ ಕೇಳಿದೆ, "ಆಂಟಿ, ಮಿಸ್ ಚಿಕ್ಕವರಿದ್ದಾಗ ಹೇಗಿದ್ರು?"

ಅವರು ಕಣ್ಣೊರೆಸಿಕೊಂಡು ನನ್ನನ್ನು ನೋಡಿದರು. "ಬೆಳಿಗ್ಗೆಯಿಂದ ಬಂದೋರೆಲ್ಲ ಅಕ್ಕ ಹೇಗೆ ಹೋದ್ರು ಅಂತಾನೇ ಕೇಳಿದ್ರಮ್ಮ," ಅಂದರು. ಆಮೇಲೆ ಸ್ವಲ್ಪ ಸರಿದು, ಚಾಪೆಯಲ್ಲಿ ನನಗೆ ಜಾಗ ಮಾಡಿಕೊಟ್ಟರು. "ಕೂತ್ಕೋ. ಹೇಳ್ತೀನಿ."