ಲೆಂಬರ್ಗರ್‌ಗೆ ಸಿಕ್ಕ ಅಮೆರಿಕದ ಸರ್ಟಿಫಿಕೇಟ್

ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತೆ. ಅಬ್‌ಸ್ಟಾಟ್ ಅನ್ನೋ ಜರ್ಮನ್ ಊರಿನಲ್ಲಿ ನಮ್ಮ ಆಫೀಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ ದ್ರಾಕ್ಷಿ ಬೆಳೆಯುವವರ ಮನೆಯೊಂದಿದೆ. ವರ್ಷದಲ್ಲಿ ಕೆಲವು ವಾರ ಬಾಗಿಲಿಗೆ ಪೊರಕೆ ನೇತುಹಾಕುತ್ತಾರೆ. ಪೊರಕೆ ಕಂಡರೆ ಒಳಗೆ ಊಟ, ಅವರದೇ ವೈನ್ ಸಿಗುತ್ತೆ ಅಂತ ಅರ್ಥ. ಅಲ್ಲಿನ ಲೆಂಬರ್ಗರ್ ಅನ್ನೋ ಕಪ್ಪು ದ್ರಾಕ್ಷಿಯ ವೈನ್ ಅಂದರೆ ನನಗೆ ಪ್ರಾಣ.

"ಇದನ್ನ ಹೊರಗಿನವರಿಗೂ ಕೊಡಿ, ತುಂಬಾ ಚೆನ್ನಾಗಿದೆ" ಅಂತ ಆರು ವರ್ಷದಿಂದ ಮನೆಯ ಯಜಮಾನಿಗೆ ಹೇಳುತ್ತಲೇ ಇದ್ದೆ. "ಇದು ಬರೀ ನಮ್ಮೂರವರು ಕುಡಿಯೋದು. ನಿಮ್ಮ ಮಸಾಲೆ ಊಟಕ್ಕೆ ಸಿಹಿ ವೈನೇ ಸರಿ" ಅಂತ ನಕ್ಕು, ಪ್ರತಿ ಸಲವೂ ಮೊದಲು ಸಿಹಿಯದನ್ನೇ ತಂದಿಡುತ್ತಿದ್ದರು. ನನ್ನ ತಟ್ಟೆಯಲ್ಲಿರುತ್ತಿದ್ದದ್ದು ಅವರೇ ಮಾಡಿದ ಸಪ್ಪೆ ಆಲೂಗಡ್ಡೆ ಸಲಾಡ್.

ಹೋದ ವರ್ಷ ಅಮೆರಿಕದಿಂದ ಬಂದಿದ್ದ ಸಹೋದ್ಯೋಗಿಯನ್ನ ಕರೆದುಕೊಂಡು ಹೋದೆ. ಆತ ಒಂದು ಗುಟುಕು ಕುಡಿದು, "ಓ, ಲೆಂಬರ್ಗರ್. ನಮ್ಮ ವಾಷಿಂಗ್ಟನ್ ರಾಜ್ಯದಲ್ಲೂ ಬೆಳೀತಾರೆ. ಎಲ್ಲರೂ ಮಾಡೋ ಕ್ಯಾಬರ್ನೆ ದ್ರಾಕ್ಷಿಯ ವೈನ್ ಬೇಜಾರಾಗಿ, ವೈನ್ ಮಾಡೋ ಹೊಸಬರು ಈಗ ಯಾರೂ ಕೇಳಿರದ ದ್ರಾಕ್ಷಿಗಳನ್ನೇ ಹುಡುಕ್ತಾರೆ. ಕುಡಿಯೋರೂ ಹೆಸರು ಹೇಳಿ ಕೇಳ್ತಾರೆ" ಅಂದ.

ಅದು ಕಿವಿಗೆ ಬಿದ್ದಿದ್ದೇ ಯಜಮಾನಿ ಸೀದಾ ನೆಲಮಾಳಿಗೆಗೆ ಇಳಿದರು. ಆರು ವರ್ಷದಲ್ಲಿ ನಾನು ಕಣ್ಣಲ್ಲೂ ನೋಡಿರದ ಹಳೆಯ ಬಾಟಲಿ ತಂದು ಅವನ ಗ್ಲಾಸಿಗೆ ಸುರಿದರು. ಅವನ ಪಕ್ಕ ನಿಂತು, ಫೋಟೋ ತೆಗೆಯಲು ಫೋನನ್ನ ನನ್ನ ಕೈಗೆ ಕೊಟ್ಟರು. ತೆಗೆದುಕೊಟ್ಟೆ.

ಮುಂದಿನ ವಾರ ಒಬ್ಬನೇ ಹೋದಾಗ ಆ ಫೋಟೋ ಪೊರಕೆಯ ಪಕ್ಕದಲ್ಲೇ ತೂಗುತ್ತಿತ್ತು. ಯಜಮಾನಿ ನನ್ನ ಟೇಬಲ್ಲಿಗೆ ಬಂದು, "ನಮ್ಮ ಲೆಂಬರ್ಗರ್ ಅಮೆರಿಕದಲ್ಲೆಲ್ಲ ಹೆಸರು ಮಾಡಿದೆ, ಗೊತ್ತಾ? ನೀವೂ ಒಂದು ಸಲ ರುಚಿ ನೋಡಬೇಕು" ಅಂದರು.