ಗಟ್ಟಿ ಗುಂಡಿಗೆ

“ಅಜ್ಜ, ನಿನ್ನ ಗುಂಡಿಗೆ ಗಟ್ಟಿಯಾಗಿದೆ” ಎಂದು ನಾನು ಕಿವಿಯಿಂದ ಸ್ಟೆತಾಸ್ಕೋಪು ತೆಗೆಯುವಷ್ಟರಲ್ಲಿ ಮುದುಕ ಮೀಸೆ ತಿರುವಿದ. ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ದನ ಕಾಯುವವನು. ಏದುಸಿರೆಂದು ಕಡೂರಿನ ನಮ್ಮ ಆಸ್ಪತ್ರೆಗೆ ಬಂದಿದ್ದ. ಇದು ಹೊಗಳಿಕೆಯಲ್ಲ, ವಯಸ್ಸಾದಂತೆ ಗುಂಡಿಗೆಯ ಗೋಡೆ ದಪ್ಪಗಾಗಿ ಬಿಗಿಯುತ್ತದೆ, ಮೊದಲಿನಂತೆ ಹಿಗ್ಗಿ ರಕ್ತ ತುಂಬಿಕೊಳ್ಳುವುದಿಲ್ಲ, ಇನ್ನು ದನದ ಹಿಂದೆ ಹೋಗಬೇಡ ಎಂದು ಬಿಡಿಸಿ ಹೇಳಿದೆ.

ಅವನು ಕಂಬಳಿ ಕೊಡವಿ ಹೆಗಲಿಗೇರಿಸಿದ. “ಕೊಂಬು ಬೀಸ್ಕೊಂಡು ಬರೋ ಹೋರಿ ಮುಂದೆ ನಿಂತೂ ನಿಂತೂ ಗಟ್ಟಿಯಾಗೈತೆ ಸ್ವಾಮೀ. ಮೆತ್ತಗಿದ್ದಿದ್ರೆ ಯಾವತ್ತೋ ಹೋಗ್ಬಿಡ್ತಿದ್ದೆ!” ಎಂದವನೇ ಕಾವಲಿನ ದಾರಿ ಹಿಡಿದ.

ಈಗ ನನಗೂ ಎಪ್ಪತ್ತು. ಮೊನ್ನೆ ನನ್ನೆದೆ ಪರೀಕ್ಷಿಸಿದ ಕಿರಿಯ ವೈದ್ಯರು ಅದೇ ಮಾತು ಹೇಳಿ, ಮನೆಗೆ ಹೋಗಲು ಗಾಡಿ ತರಿಸುತ್ತೇನೆ ಎಂದರು. ನಾನು ಮೀಸೆ ತಿರುವಿ ನಡೆದೇ ಬಂದೆ.