ಮಾಸ್ಟ್ರಿಗೆ ಕೊಡದ ಹದಿನಾರು ವಾರ

ನಮ್ಮ ಇಗರ್ಜಿಯ ವಾರ್ಷಿಕ ಆಟೋಟದಲ್ಲಿ ಹೆಂಗಸರ ನಾನೂರು ಮೀಟರ್ ಓಟಕ್ಕೆ ಆರು ಮಂದಿ ನಿಂತಿದ್ದೆವು. ನಾನು ಆರನೆಯವಳಾದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಯಾರಾದರೂ ಒಬ್ಬರು ಆರನೆಯವರಾಗಲೇಬೇಕು. ನಾಚಿಕೆ ಬಂದದ್ದು ಮೈಕಿನಿಂದ. ಅದನ್ನು ಹಿಡಿದಿದ್ದವರು ಹೈಸ್ಕೂಲಿನಲ್ಲಿ ನನಗೆ ಡ್ರಿಲ್ ಮಾಸ್ಟ್ರಾಗಿದ್ದವರು.

"ಟೇಪು ಬಿಚ್ಚಬೇಡಿ, ಒಬ್ಳು ಬರ್ಲಿಕ್ಕುಂಟು. ನಿಧಾನ ಬಾ ಮಾರಾಯ್ತಿ, ಸಾಯಂಕಾಲದವರೆಗೆ ಕಟ್ಟಿರ್ತೇವೆ."

ವರ್ಕಾಡಿಯ ಅರ್ಧ ಊರು ನಕ್ಕಿತು. ಪಾದ್ರಿಗಳು ನಕ್ಕರು. ನನ್ನ ಅಮ್ಮ ಸೆರಗಿನ ಮರೆಯಲ್ಲಿ ನಕ್ಕದ್ದನ್ನೂ ನೋಡಿದೆ.

ಹೈಸ್ಕೂಲಿನಲ್ಲಿ ಮೂರು ವರ್ಷ ಈ ಮಾಸ್ಟ್ರು ನನ್ನನ್ನು ಮೈದಾನಕ್ಕೆ ಇಳಿಸಿರಲಿಲ್ಲ. ಮರದ ನೆರಳಲ್ಲಿ ಕೂರಿಸಿ ಸ್ಕೋರ್ ಪುಸ್ತಕ ಕೊಡುತ್ತಿದ್ದರು, ಬರೆಯಲಿಕ್ಕೆ ನೀನು ಲಾಯ್ಕ ಎನ್ನುತ್ತಿದ್ದರು. ಮುಂದೆ ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿರುವುದರಿಂದ ಅವರು ಹೇಳಿದ್ದು ಸುಳ್ಳೆನ್ನಲಾರೆ. ಆದರೆ ಕ್ಷಮಿಸಿಯೂ ಇಲ್ಲ.

ಮಾಸ್ಟ್ರು ಪ್ರತಿವರ್ಷ ಮಂಗಳೂರಿನಲ್ಲಿ ಹಾಫ್ ಮ್ಯಾರಥಾನ್ ಓಡುತ್ತಾರೆ. ಇಪ್ಪತ್ತೊಂದು ಕಿಲೋಮೀಟರ್. ಅಲ್ಲಿ ಕೊಟ್ಟ ಕಿತ್ತಳೆ ಬಣ್ಣದ ಟೀ ಶರ್ಟನ್ನು ಭಾನುವಾರದ ಪೂಜೆಗೂ ಹಾಕಿಕೊಂಡು ಬರುತ್ತಾರೆ. ಆಟೋಟದ ದಿನ ಸಂಜೆಯೇ ನಾನು ಅದೇ ಓಟಕ್ಕೆ ಹೆಸರು ಕೊಟ್ಟೆ. ಯಾರಿಗೂ ಹೇಳಲಿಲ್ಲ. ಬೇಕಾಗಿದ್ದದ್ದು ಒಂದೇ, ಮಾಸ್ಟ್ರಿಗಿಂತ ಮೊದಲು ಗೆರೆ ದಾಟುವುದು. ಅವರಿಗೆ ಐವತ್ತನಾಲ್ಕು ವರ್ಷ, ನನಗೆ ಇಪ್ಪತ್ತೇಳು. ಈ ವ್ಯತ್ಯಾಸವನ್ನು ಬೇಕೆಂದೇ ಬದಿಗಿಟ್ಟೆ.

ಇಪ್ಪತ್ತೆರಡು ವಾರ ಇತ್ತು. ಮೊದಲ ತಪ್ಪು ಮಾಡಿದ್ದು ದ್ವೇಷದಿಂದಲೇ. ಮಾಸ್ಟ್ರು ತಮ್ಮ ಓಟಗಾರರ ವಾಟ್ಸಾಪ್ ಗುಂಪಿಗೆ ಒಂದು ಹತ್ತು ವಾರದ ತರಬೇತಿ ಪ್ಲ್ಯಾನ್ ಹಾಕಿದ್ದರು. ಗುಂಪಿನಲ್ಲಿದ್ದ ಚಿಕ್ಕಪ್ಪನ ಫೋನಿನಿಂದ ಅದನ್ನು ತೆಗೆದುಕೊಂಡೆ. ಅವರ ಪ್ಲ್ಯಾನಿನಿಂದಲೇ ಅವರನ್ನು ಸೋಲಿಸಬೇಕು ಎಂಬ ಆಸೆ. ಹತ್ತು ಕಿಲೋಮೀಟರ್ ಆಗಲೇ ಓಡಬಲ್ಲವರಿಗೆ ಮಾಡಿದ ಪ್ಲ್ಯಾನ್ ಅದು. ಹಾಗೆಂದು ಮೊದಲ ಸಾಲಿನಲ್ಲೇ ಬರೆದಿತ್ತು, ನಾನು ಓದಿಯೂ ಇದ್ದೆ. ಮೊದಲ ವಾರವೇ ಏರಿನಲ್ಲಿ ಜೋರು ಓಟ. ಮೂರನೆಯ ವಾರ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯುದ್ದಕ್ಕೂ ನೋವು ಹಿಡಿದು ಬಸ್ಸಿನ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು.

ಫಿಸಿಯೋಥೆರಪಿಯವರು ಎರಡು ವಾರ ಓಡಬೇಡಿ ಎಂದರು. ಈಗ ನಿಲ್ಲದೆ ಎಷ್ಟು ನಿಮಿಷ ಓಡಬಲ್ಲಿರಿ ಎಂದು ಕೇಳಿದರು. ಆರು ಎಂದೆ. ಹಾಗಾದರೆ ಆರು ನಿಮಿಷದಿಂದ ಶುರುವಾಗುವ ಪ್ಲ್ಯಾನ್ ಹುಡುಕಿ, ಬೇರೆಯವರದ್ದು ಬೇಡ ಎಂದರು.

ಆ ಎರಡು ವಾರ ಕೂತು ಹುಡುಕಿದೆ. ಎಂಟು ವಾರದ್ದು, ಹನ್ನೆರಡು ವಾರದ್ದು, ವಾರಕ್ಕೆ ಐದು ದಿನದ್ದು. ಕಾಲೇಜಿಗೆ ಏಳೂವರೆಯ ಬಸ್ಸು ಹಿಡಿಯುವ ನನಗೆ ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ. ಎಲ್ಲ ಪ್ಲ್ಯಾನುಗಳೂ ಉದ್ದದ ಓಟವನ್ನು ಭಾನುವಾರ ಇಡುತ್ತವೆ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಪೂಜೆ, ಆಮೇಲೆ ಯಾರದ್ದಾದರೂ ಮದುವೆ. ಹಾಗಾಗಿ ಅದನ್ನು ಶನಿವಾರಕ್ಕೆ ತಂದೆ. ಜೊತೆಗೆ ಮಾಸ್ಟ್ರ ಹಿಂದಿನ ಮೂರು ವರ್ಷದ ಫಲಿತಾಂಶಗಳನ್ನೂ ತೆಗೆದು ನೋಡಿದೆ; ಅಂತರ್ಜಾಲದಲ್ಲಿ ಎಲ್ಲರದ್ದೂ ಇರುತ್ತದೆ. ಮೂರು ವರ್ಷವೂ ಅವರು ಮೊದಲ ಹತ್ತು ಕಿಲೋಮೀಟರ್ ಹಾರಿಕೊಂಡು ಹೋಗಿ, ಕೊನೆಯ ಐದರಲ್ಲಿ ನಡೆದಿದ್ದರು. ಸ್ಕೋರ್ ಬರೆಯುವುದನ್ನು ಕಲಿಸಿದವರು ಅವರೇ.

ಆಯ್ದದ್ದು ಹದಿನಾರು ವಾರದ ಪ್ಲ್ಯಾನ್. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ವಾರಗಳು ಹೋದಂತೆ ಓಟ ಹೆಚ್ಚು, ನಡಿಗೆ ಕಡಿಮೆ. ಪ್ರತಿ ನಾಲ್ಕನೆಯ ವಾರ ಹಗುರ. ಉಳಿದದ್ದು ಹದಿನೇಳು ವಾರ, ಅಂದರೆ ಜ್ವರ ಬಂದರೆ ಒಂದು ವಾರ ಕೈಯಲ್ಲಿತ್ತು. ಪ್ಲ್ಯಾನಿನಲ್ಲಿ ಒಂದು ನಿಯಮ: ಓಡುವಾಗ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಬಾರದಿದ್ದರೆ ವೇಗ ಹೆಚ್ಚಾಗಿದೆ.

ಬೆಳಿಗ್ಗೆ ಐದೂವರೆಗೆ ಯಾರೊಡನೆ ಮಾತಾಡುವುದು? ಬಾಯಿಪಾಠ ಬರುವುದು ತೆರ್ಸ್, ದಿನವೂ ಸಂಜೆ ಮನೆಯಲ್ಲಿ ಹೇಳುವ ಜಪಮಾಲೆ. ಅದನ್ನೇ ಗಟ್ಟಿಯಾಗಿ ಹೇಳುತ್ತಾ ಓಡಿದೆ. ಉಸಿರು ಸರಿಯಾಗಿಯೇ ಇತ್ತು. ಆದರೆ ಪ್ರತಿ ಹತ್ತು ಮಣಿಗೊಮ್ಮೆ ಬರುವ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಮಾತಿನ ಹತ್ತಿರ, ಬಾಯಿ ನಿಲ್ಲುತ್ತಿತ್ತು. ಆ ಒಂದು ಸಾಲು ಬಿಟ್ಟು ಮುಂದಿನದಕ್ಕೆ ಹೋಗುತ್ತಿದ್ದೆ. ಹದಿನಾರು ವಾರವೂ ಬಿಟ್ಟೆ.

ನಮ್ಮೂರಿನಲ್ಲಿ ಯಾರಾದರೂ ಓಡಿದರೆ ವಾಹನ ಹಿಡಿಯಲಿಕ್ಕೆಂದೇ ಅರ್ಥ. ಮೊದಲ ದಿನಗಳಲ್ಲಿ ಬಾಡಿಗೆ ಜೀಪಿನವರು ನನ್ನನ್ನು ಕಂಡ ಕೂಡಲೇ ನಿಲ್ಲಿಸಿ, ಕೈಬೀಸಿ ಬೇಡ ಎಂದರೂ ಹಿಂದಕ್ಕೆ ಬರುತ್ತಿದ್ದರು. ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಾ ಕೂರುವ ನೆರೆಮನೆಯ ಅಕ್ಕ ಒಮ್ಮೆ ತಡೆದು ಕೇಳಿದರು.

"ದಿನಾ ಬಸ್ಸು ತಪ್ತದಾ ನಿಂಗೆ? ಅಥವಾ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾರಾ?"

"ಇಲ್ಲಕ್ಕ, ನಾನೇ ಒಬ್ರನ್ನು ಅಟ್ಟಿಸ್ಕೊಂಡು ಹೋಗ್ತಾ ಇದ್ದೇನೆ."

ಅವರು ನಗಲಿಲ್ಲ. ಸಿಕ್ಕಿದ ಮೇಲೆ ಹೇಳು ಎಂದಷ್ಟೇ ಹೇಳಿ ಕತ್ತರಿ ಎತ್ತಿಕೊಂಡರು.

ಓಟದ ದಿನ ಮಾಸ್ಟ್ರು ಮುಂದಿನ ಸಾಲಿನಲ್ಲಿದ್ದರು. ನಾನು ಕಟ್ಟಕಡೆಯಲ್ಲಿ ನಿಂತೆ. ಶುರುವಾದ ಎರಡು ನಿಮಿಷದಲ್ಲಿ ಅವರು ಕಾಣದಾದರು. ನಾನು ನನ್ನ ಪ್ಲ್ಯಾನಿನಂತೆ ಓಡಿದೆ, ನಡೆಯಬೇಕಾದಲ್ಲಿ ನಡೆದೆ. ಆಗ ನನ್ನನ್ನು ದಾಟಿ ಹೋದವರೆಲ್ಲ ಅಯ್ಯೋ ಪಾಪ ಎಂಬಂತೆ ನೋಡಿದರು. ಹದಿನೇಳನೆಯ ಕಿಲೋಮೀಟರಿನಲ್ಲಿ ಕಿತ್ತಳೆ ಬಣ್ಣದ ಟೀ ಶರ್ಟ್ ಕಂಡಿತು. ಮಾಸ್ಟ್ರು ರಸ್ತೆಬದಿಯ ಕಟ್ಟೆಗೆ ಕಾಲು ಚಾಚಿ ಕೂತಿದ್ದರು. ಸ್ವಯಂಸೇವಕನೊಬ್ಬ ಮೀನಖಂಡಕ್ಕೆ ಸ್ಪ್ರೇ ಹೊಡೆಯುತ್ತಿದ್ದ.

"ಹೋ, ನೀನಾ?" ಎಂದರು. ಗುರುತು ಹಿಡಿದದ್ದಕ್ಕೆ ನನಗೆ ಬಹಳ ಸಂತೋಷವಾಯಿತು. ಆಮೇಲೆ ನನ್ನ ಕಾಲುಗಳನ್ನೇ ನೋಡುತ್ತಾ ಕೇಳಿದರು, "ಯಾವ ಪ್ಲ್ಯಾನ್ ಮಾಡಿದ್ದು ನೀನು?"

ಅದು ನನ್ನ ಒಂದು ನಿಮಿಷದ ನಡಿಗೆಯಾಗಿತ್ತು. ಹಾಗಾಗಿ ಉಸಿರು ಕಟ್ಟದೆ, ಒಂದೊಂದೇ ಪದವಾಗಿ ಹೇಳಲು ಸಾಧ್ಯವಾಯಿತು.

"ನಿಧಾನ ಬನ್ನಿ ಮಾಸ್ಟ್ರೇ. ಸಾಯಂಕಾಲದವರೆಗೆ ಟೇಪು ಕಟ್ಟಿರ್ತಾರೆ."

ಅವರಿಗೆ ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಮುಖ ನೋಡಲು ನಿಲ್ಲಲಿಲ್ಲ. ಗೆರೆ ದಾಟಿದ ಮೇಲೆ ನೆರಳಿನಲ್ಲಿ ನಿಂತು ಗಡಿಯಾರ ನೋಡುತ್ತಾ ಕಾದೆ. ಮೂವತ್ತೆಂಟು ನಿಮಿಷದ ನಂತರ ಅವರು ಕುಂಟುತ್ತಾ ಬಂದರು.

ಮಧ್ಯಾಹ್ನ ಅವರಿಂದ ಸಂದೇಶ ಬಂತು, ಚಿಕ್ಕಪ್ಪನಿಂದ ನಂಬರ್ ತೆಗೆದುಕೊಂಡಿರಬೇಕು. ಆ ಪ್ಲ್ಯಾನ್ ಕಳಿಸು, ಗುಂಪಿಗೆ ಹಾಕುತ್ತೇನೆ ಎಂದು. ಓದಿದೆ, ಓದಿದ್ದು ಅವರಿಗೆ ತಿಳಿಯುವಂತೆ ನೀಲಿ ಗುರುತನ್ನೂ ಇಟ್ಟೆ. ಉತ್ತರ ಕೊಡಲಿಲ್ಲ. ಆಮೇಲೆ ನಮ್ಮ ಇಗರ್ಜಿಯ ನಾಲ್ಕು ಹುಡುಗಿಯರು ಕೇಳಿದಾಗ ಪ್ರಿಂಟ್ ತೆಗೆದು ಕೈಗೇ ಕೊಟ್ಟೆ, ಯಾರಿಗೂ ಫಾರ್ವರ್ಡ್ ಮಾಡಬಾರದೆಂದು ಹೇಳಿ.

ಓಟದ ಆ ಭಾನುವಾರ ಬೆಳಗಿನ ಪೂಜೆ ತಪ್ಪಿದ್ದರಿಂದ ಮಂಗಳೂರಿನಲ್ಲೇ ಸಂಜೆಯ ಪೂಜೆಗೆ ಹೋದೆ. ತೊಡೆ ನೋಯುತ್ತಿತ್ತು, ಮೊಣಕಾಲೂರಲು ಆಗದೆ ಹಿಂದಿನ ಬೆಂಚಿನ ಅಂಚಿಗೆ ಕೂತೆ. ತೆರ್ಸಿನ ಆ ಪ್ರಾರ್ಥನೆ ಪೂಜೆಯಲ್ಲೂ ಬಂತು. ಸುತ್ತಲಿನವರೊಡನೆ ನಾನೂ ಹೇಳುತ್ತಾ ಹೋದೆ. ಓಟ ಮುಗಿದು ಬಹಳ ಹೊತ್ತಾಗಿತ್ತು, ಉಸಿರಿಗೆ ಯಾವ ತೊಂದರೆಯೂ ಇರಲಿಲ್ಲ. ಆ ಸಾಲು ಬಂದಾಗ ಅಂದೂ ಬಾಯಿ ಮುಚ್ಚಿಕೊಂಡೆ.